ಅರ್ಧದಲ್ಲಿ ನಿಂತ ಸೂಜಿ

ಪಾತ್ರೆಯ ತಳದಿಂದ ಗುಳ್ಳೆಗಳು ಒಂದೊಂದಾಗಿ ಏಳತೊಡಗಿದವು.

"ಇನ್ನೊಂಚೂರು ಉರಿ ಆಕ್ಲಾ ಅಕ್ಕೋರೆ?" ಸಿದ್ದಲಿಂಗಮ್ಮ ಕೇಳಿದಳು.

"ಹಾಕಿ," ಎಂದಳು ಸುಧಾ.

ಮೂರು ಕಲ್ಲಿನ ಒಲೆ. ಅದರ ಮೇಲೆ ಅನ್ನ ಬಸಿಯುವ ಸಿಲವಾರದ ಪಾತ್ರೆ. ಪಾತ್ರೆಯ ನೀರಿನಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಹಿತ್ತಾಳೆಯ ತುಂಡು ದಾರದ ತುದಿಯಲ್ಲಿ ನೇತಾಡುತ್ತಿತ್ತು. ಪಕ್ಕದಲ್ಲೇ, ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ನಿಂದ ಬಿಚ್ಚಿ ತಂದ ಉದ್ದನೆಯ ಥರ್ಮಾಮೀಟರ್. ಅದನ್ನು ಸಿದ್ದಲಿಂಗಮ್ಮ ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಬಲಗೈಗೆ ಹಳೆಯ ಸೀರೆಯ ತುಂಡು ಸುತ್ತಿತ್ತು.

"ಕೈಗೇನಾಯ್ತು?" ಎಂದು ಸುಧಾ ಬಂದ ಕೂಡಲೇ ಕೇಳಿದ್ದಳು.

"ಸೊಪ್ಪಿನ ಜಿಡ್ಡು ಅಕ್ಕೋರೆ. ಎಷ್ಟು ಉಜ್ಜುದ್ರೂ ಓಗಕಿಲ್ಲ, ಅದ್ಕೇ ಬಟ್ಟೆ ಸುತ್ಕೊಂಡಿವ್ನಿ."

ನಿಜವೇ. ಅವಳ ಎಡಗೈ ಮೊಣಕೈವರೆಗೂ ಡಾಂಬರು ಬಳಿದಂತೆ ಕರ್ರಗಿತ್ತು.

ಹಾರನಹಳ್ಳಿಯಿಂದ ಒಳಗೆ ಬಂದರೆ ಸಿಗುವ ಅವಳ ಹೊಲದ ಬದಿಯಲ್ಲಿ ನಾಲೆ ಅಗೆಯುವ ಕೆಲಸ ಅರ್ಧಕ್ಕೆ ನಿಂತಿತ್ತು. ಅಗೆದ ಮಣ್ಣಿನ ದಿಬ್ಬದ ಮೇಲೆ, ಚಕ್ರದ ಬದಲು ಕಬ್ಬಿಣದ ಚೈನಿನ ಮೇಲೆ ಉರುಳುವ ಆ ದೊಡ್ಡ ಹಳದಿ ಯಂತ್ರ ಬಕೆಟ್ ನೆಲಕ್ಕೂರಿ ಕೂತಿತ್ತು. ಊರಿನವರೆಲ್ಲ ಅದನ್ನು ಚೈನ್ ಗಾಡಿ ಎನ್ನುತ್ತಿದ್ದರು. ಯಾವುದೋ ದೇಶದಲ್ಲಿ ಆಯುಸ್ಸೆಲ್ಲ ದುಡಿದು, ಹಡಗು ಹತ್ತಿ ಬಂದು, ಬಣ್ಣ ಬಳಿಸಿಕೊಂಡು ಹುಣಸೂರಿಗೆ ಸೇರಿದ ಗಾಡಿ. ಆಯುಧಪೂಜೆಯ ಚೆಂಡುಹೂವಿನ ಹಾರ ಇನ್ನೂ ಬಕೆಟ್ಟಿನ ಹಲ್ಲಿಗೆ ನೇತುಬಿದ್ದು ಒಣಗಿತ್ತು.

ಮೊನ್ನೆ ಮಧ್ಯಾಹ್ನ, ನಾಲೆಯ ಕೂಲಿಯವರೆಲ್ಲ ಊಟಕ್ಕೆ ಹೋಗಿದ್ದಾಗ, ಇದೇ ಗಾಡಿಯ ರೇಡಿಯೇಟರ್ ಮುಚ್ಚಳ ತೆರೆದಾಗ ಚಿಮ್ಮಿದ ಕುದಿನೀರು ಮೆಕ್ಯಾನಿಕ್ ಶಶಿಯ ಜೀವ ತೆಗೆದಿತ್ತು. ನಿನ್ನೆ ಸಂಜೆ, ಗಾಡಿ ಓಡಿಸುತ್ತಿದ್ದ ಚಲುವರಾಜುವನ್ನು, ಅಂದರೆ ಸಿದ್ದಲಿಂಗಮ್ಮನ ಗಂಡನನ್ನು, ಪೊಲೀಸರು ಕೊಲೆಯ ಗುಮಾನಿಯ ಮೇಲೆ ಎಳೆದೊಯ್ದಿದ್ದರು.

ಮೈಸೂರಿನ ವರ್ಕ್‌ಶಾಪಿನಲ್ಲಿ ಹಳೆಯ ಯಂತ್ರಗಳ ವೈರಿಂಗ್ ದೋಷ ಹುಡುಕುವುದಷ್ಟೇ ಸುಧಾಳ ಕೆಲಸ. ಮನುಷ್ಯರ ಮುಂದೆ ಕೂತರೆ ಅವಳಿಗೆ ನಾಲಿಗೆ ಒಣಗುತ್ತಿತ್ತು. ಯಂತ್ರದ ಮುಂದೆ ಹಾಗಾಗುತ್ತಿರಲಿಲ್ಲ. ಹೇಳಬೇಕಾದ ಮಾತು ಅವಳಿಗೆ ಹೊಳೆಯುವುದು ಬಸ್ಸು ಹತ್ತಿ ಮನೆಯ ದಾರಿ ಅರ್ಧ ಸಾಗಿದ ಮೇಲೆ. ಅಂಥವಳನ್ನು ಪಿರಿಯಾಪಟ್ಟಣದ ಸಬ್ ಇನ್ಸ್‌ಪೆಕ್ಟರ್ ನೀಲಕಂಠಸ್ವಾಮಿ ಒಂದೇ ಒಂದು ಪ್ರಶ್ನೆಗೆ ಉತ್ತರ ಕೇಳಲು ಕರೆಸಿಕೊಂಡಿದ್ದರು.

ಆ ದಿನ ಗಾಡಿಯ ಮೀಟರ್ ನಿಜ ಹೇಳಿತ್ತೋ, ಸುಳ್ಳು ಹೇಳಿತ್ತೋ?

ಚಲುವರಾಜು ಹೇಳುವುದು ಇಷ್ಟು. ಗಾಡಿ ಯಾಕೋ ಮುಕ್ಕರಿಯುತ್ತಿದೆ ಎಂದು ಶಶಿಯನ್ನು ಕರೆಸಿದ. ಶಶಿ ಎಂಜಿನ್ ಬಳಿ ಹತ್ತಿ ನಿಂತು, "ಸೂಜಿ ಎಲ್ಲೈತ್ಲಾ?" ಎಂದು ಕೇಳಿದ. ತಾನು ಕ್ಯಾಬಿನ್ನಿನಲ್ಲಿ ಕೂತೇ, "ಅರ್ಧದಲ್ಲೈತೆ ಕಣ್ಲಾ" ಎಂದ. ನೀರು ಕುದಿದಿಲ್ಲ ಎಂದು ನಂಬಿ ಶಶಿ ಮುಚ್ಚಳ ತಿರುಗಿಸಿದ. ಅಷ್ಟೇ.

ಪೊಲೀಸರು ಹೇಳುವುದು ಬೇರೆ. ಅದಕ್ಕೆ ಹಿಂದಿನ ದಿನವೇ ಇಬ್ಬರಿಗೂ ಜಗಳವಾಗಿತ್ತು. ಚಲುವರಾಜುವನ್ನು ಕೆಲಸದಿಂದ ಬಿಡಿಸಿ ಗಾಡಿಯನ್ನು ಶಶಿಯ ಕೈಗೆ ಕೊಡುವ ಮಾತು ನಡೆದಿತ್ತು. "ನಿನ್ನ ಚರ್ಮ ಸುಲಿದಾಕ್ತೀನಿ" ಎಂದು ಚಲುವರಾಜು ಕೂಗಿದ್ದನ್ನು ನಾಲೆಯ ಕೂಲಿಯವರೆಲ್ಲ ಕೇಳಿದ್ದರು. ಸೂಜಿ ಕೆಂಪಿಗೇರಿದ್ದನ್ನು ಕಂಡೂ ಅರ್ಧ ಎಂದು ಸುಳ್ಳು ಹೇಳಿ ಮುಚ್ಚಳ ತೆಗೆಸಿದ್ದಾನೆ.

ಸಂಜೆ ಮ್ಯಾಜಿಸ್ಟ್ರೇಟರ ಮುಂದೆ ಅವನನ್ನು ನಿಲ್ಲಿಸಬೇಕು. ಮೀಟರ್ ಸುಳ್ಳಾಡಿದ್ದರೆ ಅದು ಅಪಘಾತ. ಮೀಟರ್ ನಿಜವಾಡಿದ್ದರೆ ಕೊಲೆ.

ಬೆಳಿಗ್ಗೆ ಠಾಣೆಯಲ್ಲಿ ಸುಧಾ ಅವನನ್ನು ನೋಡಿ ಬಂದಿದ್ದಳು. ಬೆಂಚಿನ ತುದಿಯಲ್ಲಿ ಮುದುರಿ ಕೂತಿದ್ದ. ಬಲಗೈ ಅಂಗೈಗೆ ಅರಿಶಿನ ಮೆತ್ತಿದ ಬಟ್ಟೆಯ ಕಟ್ಟು. ಕುದಿನೀರಿನಿಂದ ಶಶಿಯನ್ನು ಎಳೆಯಲು ಹೋಗಿ ಸುಟ್ಟುಕೊಂಡಿದ್ದಂತೆ. ಆ ಕಟ್ಟನ್ನು ನೋಡಿಯೇ ಸುಧಾ ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದಳು. ಕೊಲ್ಲುವವನು ಕೈ ಸುಟ್ಟುಕೊಳ್ಳುವುದಿಲ್ಲ.

"ಕಾಯ್ತಾ ಐತೆ ಅಕ್ಕೋರೆ."

ಸುಧಾ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಹಿತ್ತಾಳೆಯ ತುಂಡಿನ ಎರಡು ತುದಿಗೆ ತಾಗಿಸಿದಳು. ಅದೇ ಸೆನ್ಸರ್. ಎಂಜಿನ್ನಿನ ನೀರು ಎಷ್ಟು ಬಿಸಿಯಾಗಿದೆ ಎಂದು ಮೀಟರಿಗೆ ಹೇಳುವುದು ಅದರ ಕೆಲಸ. ನೀರು ಬಿಸಿಯಾದಂತೆ ಮಲ್ಟಿಮೀಟರಿನ ಅಂಕಿ ಇಳಿಯಬೇಕು. ಇಳಿಯದಿದ್ದರೆ ಸೆನ್ಸರ್ ಸತ್ತಿದೆ ಎಂದರ್ಥ.

ಇಳಿಯದಿರಲಿ ಎಂದು ಸುಧಾ ಮನಸ್ಸಿನಲ್ಲೇ ಬೇಡಿಕೊಂಡಳು.

ಥರ್ಮಾಮೀಟರಿನ ಗೆರೆ ಏರಿತು. ಅಂಕಿ ಇಳಿಯಿತು. ಗೆರೆ ಇನ್ನೂ ಏರಿತು. ಅಂಕಿ ಇನ್ನೂ ಇಳಿಯಿತು. ಹೇಳಿದ ಮಾತು ಕೇಳುವ ಮಗುವಿನ ಹಾಗೆ.

"ಅಗೋ ಅಗೋ, ನಂಬರು ಓಡ್ತಾ ಐತೆ!" ಸಿದ್ದಲಿಂಗಮ್ಮನ ಮುಖ ಅರಳಿತು. "ಒಳ್ಳೇದಲ್ವಾ ಅಕ್ಕೋರೆ?"

ಸುಧಾ ಕಡ್ಡಿಗಳನ್ನು ನೀರಿನಿಂದ ಮೇಲೆತ್ತಿದಳು.

ಜೀಪಿಗೆ ಒರಗಿದ್ದ ನೀಲಕಂಠಸ್ವಾಮಿ ಹತ್ತಿರ ಬಂದರು. ಐವತ್ತರ ಆಸುಪಾಸಿನ, ಅವಸರವಿಲ್ಲದ ಮನುಷ್ಯ. ಸುಧಾಳ ಮುಖ ಓದಲು ಅವರಿಗೆ ಮೀಟರ್ ಬೇಕಾಗಿರಲಿಲ್ಲ.

"ಸೆನ್ಸರ್ ಚೆನ್ನಾಗಿದೆ. ಅಲ್ವಾ ಮೇಡಂ?"

"ಹೌದು ಸಾರ್."

"ಹಾಗಾದ್ರೆ ಮುಗೀತು. ಪಾಪ, ನಿಮಗೂ ಬಿಸಿಲಲ್ಲಿ ತೊಂದರೆ ಕೊಟ್ಟೆ." ಅವರು ಟೋಪಿ ತೆಗೆದು ಹಣೆ ಒರೆಸಿಕೊಂಡರು. "ನನಗೆ ನಿನ್ನೆನೇ ಗೊತ್ತಿತ್ತು. ನಾನೇ ಹತ್ತಿ ಕೀ ತಿರುಗಿಸಿ ನೋಡ್ದೆ. ಸೂಜಿ ಎದ್ದು ನೆಟ್ಟಗೆ ಅರ್ಧಕ್ಕೆ ಬಂದು ನಿಂತ್ಕೊಳ್ತು. ಮೀಟರ್‌ಗೇನೂ ಧಾಡಿ ಇಲ್ಲ."

ಸುಧಾ ಮಲ್ಟಿಮೀಟರ್ ಮಡಿಸಿ ಚೀಲಕ್ಕೆ ಇಡಲು ಹೋದವಳು ಹಾಗೇ ನಿಂತಳು.

"ಸಾರ್, ನೀವು ನೋಡಿದಾಗ ಎಂಜಿನ್ ಬಿಸಿ ಇತ್ತಾ?"

"ಎಲ್ಲಿಂದ ಬಿಸಿ? ಮೊನ್ನೆಯಿಂದ ಅದನ್ನ ಯಾರೂ ಸ್ಟಾರ್ಟೇ ಮಾಡಿಲ್ಲ. ಮುಟ್ಟಿ ನೋಡ್ದೆ, ತಣ್ಣಗೆ ಕೊರೀತಿತ್ತು."

"ತಣ್ಣಗಿದ್ದರೆ ಸೂಜಿ ಕೆಳಗೆ ಬಿದ್ದಿರಬೇಕು ಸಾರ್. ಅರ್ಧಕ್ಕೆ ಯಾಕೆ ಬಂತು?"

ನೀಲಕಂಠಸ್ವಾಮಿಯವರ ಕೈ ಹಣೆಯ ಮೇಲೇ ಉಳಿಯಿತು.

ಸುಧಾ ಚೈನಿನ ಮೇಲೆ ಕಾಲಿಟ್ಟು ಕ್ಯಾಬಿನ್ನಿಗೆ ಹತ್ತಿದಳು. ಸೀಟಿನ ಮೇಲೆ ಹಾಸಿದ್ದ ಟವೆಲ್ ಇನ್ನೂ ಚಲುವರಾಜು ಕೂತ ಆಕಾರದಲ್ಲೇ ತಗ್ಗಿತ್ತು. ಕೀ ತಿರುಗಿಸಿದಳು. ಬ್ಯಾಟರಿ ಇನ್ನೂ ಸತ್ತಿರಲಿಲ್ಲ. ಮೀಟರ್ ಬೋರ್ಡಿನ ದೀಪಗಳು ಹತ್ತಿ ಆರಿದವು. ಸೂಜಿ ಅಲುಗಿ, ಏರಿ, ನಡುವಿನ ಗೆರೆಗೆ ಬಂದು ನಿಂತಿತು.

"ಸಾರ್, ಸೆನ್ಸರ್ ಎಲ್ಲಿದೆ ಈಗ?"

"ಪಾತ್ರೆಯಲ್ಲಿ."

"ಅದರ ಪ್ಲಗ್ಗು?"

ನೀಲಕಂಠಸ್ವಾಮಿ ಬಗ್ಗಿ ಎಂಜಿನ್ನಿನ ಬದಿ ನೋಡಿದರು. ಸೆನ್ಸರ್ ಬಿಚ್ಚಿದ ಪ್ಲಗ್ಗು ಯಾವುದಕ್ಕೂ ಅಂಟದೆ ಗಾಳಿಯಲ್ಲಿ ತೂಗಾಡುತ್ತಿತ್ತು.

"ಖಾಲಿ ನೇತಾಡ್ತಿದೆ."

"ನೋಡುವ ಕಣ್ಣನ್ನೇ ಕಿತ್ತು ಕೆಳಗಿಟ್ಟಿದ್ದೀವಿ ಸಾರ್. ಆದರೂ ಇದು ಅರ್ಧ ಬಿಸಿ ಇದೆ ಅಂತಿದೆ. ಎಂಜಿನ್ ತಣ್ಣಗಿದ್ದರೂ ಅರ್ಧ. ಕುದಿದರೂ ಅರ್ಧ." ಸುಧಾಳ ಧ್ವನಿ ಅವಳಿಗೇ ಹೊಸದಾಗಿ ಕೇಳಿಸಿತು. "ಮೀಟರ್ ಸುಳ್ಳು ಹೇಳಿದೆ. ಅವನು ನೋಡಿದ್ದನ್ನೇ ಹೇಳಿದ್ದಾನೆ."

ಕೆಳಗೆ ಸಿದ್ದಲಿಂಗಮ್ಮ ಎಡಗೈಯಲ್ಲಿ ಸೆರಗು ಹಿಡಿದು ಬಾಯಿ ಮುಚ್ಚಿಕೊಂಡಳು.

ಇನ್ನುಳಿದದ್ದು ವೈರಿನ ಜಾಡು. ಪ್ಲಗ್ಗಿನಿಂದ ಹೊರಟ ಎರಡು ವೈರುಗಳನ್ನು ಸುಧಾ ಬೆರಳಲ್ಲಿ ಸವರುತ್ತಾ ಹೋದಳು. ಎಣ್ಣೆ, ಧೂಳು, ಹೆಪ್ಪುಗಟ್ಟಿದ ಗ್ರೀಸು. ರಬ್ಬರ್ ಪೈಪಿನ ಹಿಂದೆ, ಕಣ್ಣಿಗೆ ಬೀಳದ ಸಂದಿನಲ್ಲಿ, ಬೆರಳಿಗೆ ಒಂದು ಗಂಟು ತಾಗಿತು.

ಟಾರ್ಚ್ ಹಿಡಿದು ನೋಡಿದಳು. ಸೆನ್ಸರಿನ ಕಡೆಯ ವೈರನ್ನು ಯಾರೋ ಕತ್ತರಿಸಿ ಬಿಟ್ಟಿದ್ದರು. ಮೀಟರಿನ ಕಡೆಯ ಎರಡು ತುದಿಗಳ ನಡುವೆ ಜೋಳದ ಕಾಳಿನಷ್ಟು ಸಣ್ಣ ರೆಸಿಸ್ಟರ್. ಎಂಜಿನ್ ಸುಖವಾಗಿದೆ ಎಂದು ಮೀಟರಿಗೆ ಸದಾ ಪಿಸುಗುಡುವ ಬಾಡಿಗೆ ಬಾಯಿ. ಹಳೆ ಗಾಡಿಗಳಲ್ಲಿ ಸುಧಾ ಇಂಥದ್ದನ್ನು ಎಷ್ಟೋ ಕಂಡಿದ್ದಳು. ಎಚ್ಚರಿಕೆಯ ಪೀಪಿ ಕೂಗದಂತೆ ಮಾಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಆದರೆ ಇದರ ಮೇಲೆ ಟೇಪ್ ಇರಲಿಲ್ಲ. ದಾರ ಸುತ್ತಿತ್ತು. ದಾರದ ಮೇಲೆ ಕುಂಕುಮದ ಒಂದು ಬೊಟ್ಟು ಒಣಗಿ ಕೂತಿತ್ತು.

ಅಷ್ಟರಲ್ಲಿ ದಿಬ್ಬದ ಕೆಳಗೆ ಒಂದು ಬಿಳಿ ಜೀಪು ಧೂಳೆಬ್ಬಿಸಿ ನಿಂತಿತು. ಇಳಿದವನು ಗಾಡಿಯ ಮಾಲೀಕ ಕಂಠಪ್ಪ. ಹುಣಸೂರಿನ ಕಂಟ್ರಾಕ್ಟರ್. ಗರಿ ಗರಿ ಬಿಳಿ ಪಂಚೆ, ಬಾಯಲ್ಲಿ ಎಲೆಯಡಿಕೆ.

"ಏನ್ ಸಾರ್, ನಮ್ ಗಾಡೀಗೆ ಅಡುಗೆ ಮಾಡಿ ಬಡಿಸ್ತಾ ಇದ್ದೀರಾ?" ಒಲೆಯ ಕಡೆ ಕೈ ತೋರಿಸಿ ನಕ್ಕ. "ಬತ್ತಾ ಬತ್ತಾ ವಾಸ್ನೆ ಬಂತು, ಸೊಪ್ಪಿನ ಸಾರೇ ಇರ್ಬೇಕು ಅಂದ್ಕೊಂಡೆ."

"ಬನ್ನಿ ಕಂಠಪ್ಪನೋರೆ. ನಿಮ್ಮ ಗಾಡಿಯ ಒಂದು ಒಡವೆ ಸಿಕ್ಕಿದೆ, ಗುರುತು ಹಿಡೀರಿ." ನೀಲಕಂಠಸ್ವಾಮಿ ಟಾರ್ಚ್ ಬಿಟ್ಟರು.

ಕಂಠಪ್ಪ ಇಣುಕಿದ. ನಗು ಕರಗಲಿಲ್ಲ, ಆದರೆ ಎಲೆಯಡಿಕೆ ಅಗಿಯುವುದು ನಿಂತಿತು.

"ಏನ್ ಸಾರ್ ಅದು?"

"ನೀವೇ ಹೇಳಿ. ಗಾಡಿ ಬಿಸಿಯಾದಾಗೆಲ್ಲ ಪೀಪಿ ಕೂಗುತ್ತೆ, ಆರೋವರೆಗೆ ಕೆಲಸ ನಿಲ್ಲುತ್ತೆ. ಕೆಲಸ ನಿಂತರೆ ಯಾರ ಹೊಟ್ಟೆ ಉರಿಯುತ್ತೆ? ಡ್ರೈವರ್‌ದಾ, ಮಾಲೀಕನದಾ?"

"ನೋಡಿ ಸಾರ್, ನಾನು ಗಾಡಿ ತಂದಾಗ ಎಂಗಿತ್ತೋ ಅಂಗೇ ಐತೆ. ಒಳಗಡೆ ಯಾವನು ಏನ್ ಸೇರ್ಸವ್ನೋ ನಂಗೇನ್ ಗೊತ್ತು? ನಾನು ಮೀಟರ್ ನೋಡೋನಲ್ಲ, ಮಣ್ಣು ನೋಡೋನು."

ಸುಧಾಗೆ ಎಲ್ಲಿಂದ ಧೈರ್ಯ ಬಂತೋ.

"ಗಾಡಿ ತಂದಾಗ ಇದು ಇರಲಿಲ್ಲ," ಎಂದಳು. "ದಾರದ ಮೇಲೆ ಕುಂಕುಮ ಇದೆ. ಪೂಜೆಯ ಕುಂಕುಮ. ನಿಮ್ಮ ಕೈಗೆ ಗಾಡಿ ಬಂದದ್ದು ಬೇಸಿಗೆಯಲ್ಲಿ. ಆಯುಧಪೂಜೆ ಆದದ್ದು ಮೊನ್ನೆ ಮೊನ್ನೆ."

ಕಂಠಪ್ಪ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ತಿರುಗಿ ಇನ್ನೊಮ್ಮೆ ಸಂದಿನೊಳಗೆ ಇಣುಕಿದ. ಈ ಸಲ ಬಹಳ ಹೊತ್ತು ಇಣುಕಿದ. ನೆಟ್ಟಗಾದಾಗ ಬಾಯಿ ಮತ್ತೆ ಆಡತೊಡಗಿತ್ತು.

"ಒಳ್ಳೇ ಕಣ್ಣು ಐತೆ ಕಣಮ್ಮ ನಿಂಗೆ. ಕುಂಕುಮ ನೋಡ್ದೆ. ದಾರ ನೋಡ್ಲಿಲ್ವಾ?"

ಅವನು ಸಂದಿನತ್ತ ಬೆರಳು ಮಾಡಿದ.

"ನಾನು ಪೇಟೆ ಮೆಕ್ಯಾನಿಕ್ ತಾವ ಮಾಡಿಸಿದ್ರೆ ಅವನು ಟೇಪ್ ಸುತ್ತೋನು. ದಾರ ಯಾವನ್ ಸುತ್ತಾನೆ? ಅದೂ ಈ ದಾರ? ಇದು ಸೊಪ್ಪು ಕಟ್ಟೋ ದಾರ ಸಾರ್. ನಮ್ಮಪ್ಪನೂ ಸೊಪ್ಪು ಬೇಯ್ಸಿದೋನೇ, ನಂಗೊತ್ತಿಲ್ವಾ? ಕುಣಿಕೆ ನೋಡಿ. ಕಡ್ಡಿಗೆ ಎಲೆ ಕಟ್ಟಿದಂಗೆ ಕಟ್ಟವ್ರೆ." ಅವನು ತಲೆಯನ್ನಷ್ಟೇ ಹೊಲದಂಚಿನ ಚಲುವರಾಜುವಿನ ಬ್ಯಾರನ್ನಿನ ಕಡೆ ಆಡಿಸಿದ. "ಸೂಜಿ ಸುಳ್ಳು ಅಂತೀರಲ್ಲ, ಒಪ್ಕೊಂಡೆ. ಸುಳ್ಳು ಹೇಳೋ ಸೂಜಿನ ಮಾಡಿದ್ದೇ ಅವನಾದ್ರೆ? ಸುಳ್ಳು ಅಂತ ಗೊತ್ತಿದ್ದೇ ಅರ್ಧ ಐತೆ ಕಣ್ಲಾ ಅಂದಿದ್ರೆ?"

ಸುಧಾ ಆಗಲೇ ಅದನ್ನು ನೋಡಿದ್ದಳು. ಬೆರಳಿಗೆ ಗಂಟು ತಾಗಿದ ಕ್ಷಣದಲ್ಲೇ. ಬ್ಯಾರನ್ನಿನ ಮುಂದೆ ಸಾಲಾಗಿ ಒರಗಿಸಿದ್ದ ಕಡ್ಡಿಗಳಲ್ಲಿ ಹಸಿ ಎಲೆಯ ಗೊಂಚಲುಗಳು ತೂಗುತ್ತಿದ್ದವು. ಪ್ರತಿ ಗೊಂಚಲಿನ ಕೊರಳಿಗೂ ಅದೇ ಕುಣಿಕೆ.

ಅದೇ, ಆದರೆ ಅದೇ ಅಲ್ಲ. ವೈರಿನ ಮೇಲಿನ ಕುಣಿಕೆಗಳು ಬಲಕ್ಕೆ ವಾಲಿದ್ದವು. ಇವತ್ತು ಸಿದ್ದಲಿಂಗಮ್ಮ ಕಟ್ಟಿದ ಕಡ್ಡಿಗಳ ಕುಣಿಕೆಗಳು ಎಡಕ್ಕೆ ವಾಲಿದ್ದವು. ಒಂದೊಂದೂ ಸಡಿಲ, ಹೊಸದಾಗಿ ಕಲಿತವರು ಕಟ್ಟಿದ ಹಾಗೆ.

ಆ ವ್ಯತ್ಯಾಸವನ್ನು ಸುಧಾ ಎದೆಗವಚಿಕೊಂಡಳು. ಈ ಮನೆಯ ಕೈ ಇದಲ್ಲ. ಈ ಸುತ್ತಿನಲ್ಲಿ ಸೊಪ್ಪು ಕಟ್ಟುವವರು ಎಷ್ಟು ಜನ ಇಲ್ಲ? ಅದನ್ನೇ ಬಾಯಿಬಿಟ್ಟು ಹೇಳಬೇಕು. ಈಗಲೇ.

ಹೇಳಲಾಗಲಿಲ್ಲ. ಯಾವಾಗಿನ ಹಾಗೆ ಮಾತು ಗಂಟಲಲ್ಲೇ ಸಾಲು ನಿಂತಿತು.

"ಅದ್ನ ಕಟ್ಟಿದ್ದು ನಾನೇ ಸಾರ್."

ಎಲ್ಲರೂ ತಿರುಗಿದರು.

ಸಿದ್ದಲಿಂಗಮ್ಮ ಎರಡು ಹೆಜ್ಜೆ ಮುಂದೆ ಬಂದು ನಿಂತಿದ್ದಳು. ಹೆದರಿಕೆ ಇರಲಿಲ್ಲ. ಕಳೆದ ವಸ್ತು ತನ್ನ ಮನೆಯಲ್ಲೇ ಸಿಕ್ಕಿದಾಗ ಆಗುವ ಸಮಾಧಾನ ಇತ್ತು.

"ಸಿದ್ದಲಿಂಗಮ್ಮ, ಸುಮ್ಮನಿರಿ," ಎಂದಳು ಸುಧಾ. ಅದು ಪಿಸುಮಾತಾಗಿ ಹೊರಬಿತ್ತು. ಯಾರಿಗೂ ಕೇಳಿಸಲಿಲ್ಲ.

"ಹೇಳಮ್ಮ," ಎಂದರು ನೀಲಕಂಠಸ್ವಾಮಿ ಮೆತ್ತಗೆ.

"ಹಬ್ಬಕ್ಕೆ ಗಾಡಿ ತೊಳುದ್ವಲ್ಲ ಸಾರ್, ಪಂಪ್‌ಸೆಟ್ ನೀರು ಬುಟ್ಟು ಎಂಜಿನ್ನೆಲ್ಲ ತೊಳುದ್ರು ನಮ್ಮನೆಯೋರು. ಅವತ್ತಿಂದ ಸುರುವಾಯ್ತು. ಕೀ ಆಕುದ್ರೆ ಸಾಕು, ಕೀ... ಅಂತ ಬಡ್ಕೊಳೋದು. ಗಾಡಿ ಮುಂದುಕ್ಕೂ ಓಗದು, ಹಿಂದುಕ್ಕೂ ಬರದು. ಪೂಜೆ ಒತ್ತಿಗೆ ಗಾಡಿ ನಿಂತೋದ್ರೆ ಅಪಶಕುನ ಅಲ್ವಾ? ಅದುಕ್ಕೆ ಇದ್ನ ಸೇರ್ಸಿ ಬಾಯಿ ಮುಚ್ಚಿಸಿದ್ರು. ಟೇಪು ಇರ್ಲಿಲ್ಲ. ನಾನು ಸೊಪ್ಪು ಕಟ್ತಾ ಕೂತಿದ್ದೆ. ಬಾ ಸಿದ್ದಿ, ನಿನ್ ದಾರ ತಗೊಂಡು ಬಾ ಅಂದ್ರು. ಕಟ್ದೆ. ಮಂಗಳಾರತಿ ಒತ್ತಲ್ಲಿ ನಾನೇ ಕುಂಕುಮಾನೂ ಇಟ್ಟೆ."

ಸುಧಾಗೆ ಅರ್ಥವಾಗತೊಡಗಿತು. ಪಂಪಿನ ನೀರು ಪ್ಲಗ್ಗಿನೊಳಗೆ ನುಗ್ಗಿತ್ತು, ಅಷ್ಟೇ. ಬಿಸಿಲಿಗೆ ಇಟ್ಟು ಒಣಗಿಸಿದ್ದರೆ ತಾನಾಗಿ ಸರಿಹೋಗುತ್ತಿತ್ತು. ಸೆನ್ಸರಿಗೆ ಏನೂ ಆಗಿರಲಿಲ್ಲ. ತೊಳೆದದ್ದು ಭಕ್ತಿಯಿಂದ, ಬಾಯಿ ಮುಚ್ಚಿಸಿದ್ದೂ ಭಕ್ತಿಯಿಂದ. ಒಂದು ದಿನ ಕಾದಿದ್ದರೆ ಶಶಿ ಇವತ್ತು ಬದುಕಿರುತ್ತಿದ್ದ.

"ಅಂದ್ರೆ ನಿನ್ನ ಗಂಡನಿಗೆ ಇದು ಗೊತ್ತಿತ್ತು," ಎಂದರು ನೀಲಕಂಠಸ್ವಾಮಿ.

"ಗೊತ್ತಿಲ್ದೆ? ಟಾರ್ಚ್ ಹಿಡ್ಕೊಂಡಿದ್ದೇ ಅವ್ರು."

ಕಂಠಪ್ಪ ಚಪ್ಪಾಳೆ ತಟ್ಟುವವನಂತೆ ಎರಡು ಕೈ ಸೇರಿಸಿ, ತಟ್ಟದೆ ಬಿಟ್ಟ. "ಮುಗೀತಲ್ಲ ಸಾರ್. ಹೆಂಡ್ತಿನೇ ಸಾಕ್ಷಿ."

ಸಿದ್ದಲಿಂಗಮ್ಮ ಅವನತ್ತ, ಪೊಲೀಸರತ್ತ, ಸುಧಾಳತ್ತ ನೋಡಿದಳು. ತಾನು ಏನು ಕೆಡಿಸಿದೆ ಎಂಬುದು ಅವಳಿಗಿನ್ನೂ ತಿಳಿದಿರಲಿಲ್ಲ.

ಇಷ್ಟು ಹೊತ್ತಾದ ಮೇಲೆ ಸುಧಾಳ ಬಾಯಿಂದ ಒಂದು ಪ್ರಶ್ನೆ ಹೊರಬಿತ್ತು. ಕೇಳಬಾರದಿತ್ತು ಎಂದು ಅವಳಿಗೆ ಅನಿಸಿದ್ದು ಕೇಳಿದ ಮೇಲೆ.

"ಚಲುವರಾಜು ಟಾರ್ಚ್ ಹಿಡಿದಿದ್ದರೆ, ಆ ಪುಟ್ಟದನ್ನು ಒಳಗೆ ಸೇರಿಸಿದ್ದು ಯಾರು?"

"ಇನ್ಯಾರು ಅಕ್ಕೋರೆ? ಶಶಿಯಣ್ಣನೇ."

ಗಾಳಿ ಬೀಸಿ ಒಲೆಯ ಹೊಗೆ ಎಲ್ಲರ ನಡುವೆ ಹಾದುಹೋಯಿತು. ಯಾರೂ ಕಣ್ಣು ಉಜ್ಜಲಿಲ್ಲ.

"ಶಶಿನಾ?" ನೀಲಕಂಠಸ್ವಾಮಿಯವರ ಧ್ವನಿ ತಗ್ಗಿತು.

"ಊ ಸಾರ್. ಸೇರ್ಸಿ ಇಳುದ್ಮೇಲೆ ನಮ್ಮನೆಯೋರ್ಗೆ ಬುದ್ಧಿನೂ ಏಳ್ದ. 'ಇನ್ಮ್ಯಾಕೆ ಆ ಸೂಜಿ ನೋಡ್ಬ್ಯಾಡ ಕಣ್ಲಾ ಚಲುವ, ಅದು ಯಾವಾಗ್ಲೂ ಅರ್ಧನೇ ತೋರ್ಸದು. ಪೈಪಿನ ಮ್ಯಾಲೆ ಕೈಯಿಟ್ಟು ನೋಡು' ಅಂದ. ಕಾಫಿ ಕುಡ್ಕೊಂಡು ಓದ. ಒಳ್ಳೆಯೋನು. ಪಾಪ."

ಕಂಠಪ್ಪನ ಮುಖದಿಂದ ನಗು ಮೊದಲ ಸಲ ಪೂರ್ತಿ ಇಳಿದುಹೋಯಿತು. "ನಾನು ಜೀಪ್ ತಾವ ಇರ್ತೀನಿ ಸಾರ್," ಎಂದು ಗೊಣಗಿ ದಿಬ್ಬ ಇಳಿದ.

ಸುಧಾ ಚೈನಿನ ತಗಡಿನ ಮೇಲೆ ಕೂತಳು. ಕಬ್ಬಿಣ ಬಿಸಿಲಿಗೆ ಕಾದಿತ್ತು, ಏಳಬೇಕೆನಿಸಲಿಲ್ಲ.

ಠಾಣೆಯ ಬೆಂಚಿನ ಮೇಲೆ ಕೂತು ಚಲುವರಾಜು ಹೇಳಿದ ಕಥೆ ಒಂದೊಂದೇ ಎಳೆಯಾಗಿ ಬಿಚ್ಚಿಕೊಂಡಿತು. ಸೂಜಿ ಸುಳ್ಳು ಎಂದು ಶಶಿಗೆ ಗೊತ್ತಿತ್ತು. ಮಾಡಿದವನೇ ಅವನು. ಅಂಥವನು "ಸೂಜಿ ಎಲ್ಲೈತ್ಲಾ" ಎಂದು ಯಾಕೆ ಕೇಳುತ್ತಾನೆ? ಅರ್ಧ ಎಂದರೆ ಯಾಕೆ ನಂಬುತ್ತಾನೆ? ಪೈಪಿನ ಮೇಲೆ ಕೈಯಿಟ್ಟು ನೋಡದೆ ಮುಚ್ಚಳಕ್ಕೆ ಯಾಕೆ ಕೈ ಹಾಕುತ್ತಾನೆ?

ಆ ಮಾತುಕತೆ ನಡೆದೇ ಇಲ್ಲ. ಇಡೀ ಪ್ರಸಂಗವನ್ನು ಚಲುವರಾಜು ಕಟ್ಟಿ ಹೇಳಿದ್ದ. ಅವಳು ಇಷ್ಟು ಹೊತ್ತು ಒಲೆ ಹೂಡಿ, ನೀರು ಕಾಯಿಸಿ, ಆ ಕಟ್ಟುಕಥೆಯನ್ನು ಕಾಪಾಡಲು ಹೆಣಗಿದ್ದಳು.

"ಮೇಡಂ," ನೀಲಕಂಠಸ್ವಾಮಿ ಪಕ್ಕದಲ್ಲಿ ಬಂದು ನಿಂತರು. ಸಿದ್ದಲಿಂಗಮ್ಮನಿಗೆ ಕೇಳಿಸದಂತೆ ಮಾತಾಡಿದರು. "ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಮಾತು ಹೇಳಿದ್ರು. ನಾನು ಅದನ್ನ ದೊಡ್ಡದು ಮಾಡ್ಲಿಲ್ಲ. ಶಶಿಯ ಮುಖ, ಎದೆ, ಭುಜ ಎಲ್ಲ ಬೆಂದಿತ್ತು. ಅಂಗೈ ಮಾತ್ರ ಎರಡೂ ಹಾಗೇ ಇತ್ತು. ಗೋಣಿ ಗೀಣಿ ಹಿಡಿದು ತೆಗೆದಿರ್ತಾನೆ ಅಂದ್ಕೊಂಡೆ."

"ಗೋಣಿ ಸಿಕ್ಕಿತಾ ಸಾರ್?"

"ಇಲ್ಲ."

"ಹಾಗಾದರೆ ಮುಚ್ಚಳ ತೆಗೆದದ್ದು ಶಶಿ ಅಲ್ಲ."

"ಅಲ್ಲ. ಅವನು ಎದುರಿಗೆ ನಿಂತಿದ್ದ. ತೆಗೆದ ಕೈ ಬೇರೆ." ಅವರು ಮೊಬೈಲ್ ತೆಗೆದರು. "ಸುಟ್ಟ ಕೈ ಒಂದೇ ಒಂದಿದೆ ನಮ್ಮ ಹತ್ತಿರ. ಆ ಗಲಾಟೆಯಲ್ಲಿ ಡಾಕ್ಟರಿಗೆ ಸಾಯೋನನ್ನ ಉಳಿಸೋದೇ ಆಗಿತ್ತು, ಇವನ ಕಟ್ಟನ್ನ ಯಾರೂ ಬಿಚ್ಚಿ ನೋಡ್ಲಿಲ್ಲ. ಅವನೂ ಮುಟ್ಟೋಕೆ ಬಿಡ್ಲಿಲ್ಲ, ಉರಿ ಉರಿ ಅಂತಿದ್ದ. ನೀರು ಬಿದ್ದು ಸುಟ್ಟ ಗಾಯ ಹರಡಿಕೊಂಡಿರುತ್ತೆ. ಕಾದ ಮುಚ್ಚಳ ಹಿಡಿದು ಸುಟ್ಟಿದ್ರೆ ದುಂಡಗೆ ಅಚ್ಚು ಬಿದ್ದಿರುತ್ತೆ."

ಸುಧಾ ತಲೆಯಾಡಿಸಿದಳು. ಕೊಲ್ಲುವವನು ಕೈ ಸುಟ್ಟುಕೊಳ್ಳುವುದಿಲ್ಲ ಎಂದು ಬೆಳಿಗ್ಗೆ ಎಷ್ಟು ಸುಲಭವಾಗಿ ನಂಬಿದ್ದಳು!

ನೀಲಕಂಠಸ್ವಾಮಿ ದಿಬ್ಬದ ನೆತ್ತಿಗೆ ಹೋಗಿ ಸಿಗ್ನಲ್ ಹುಡುಕಿದರು. "ಹಲೋ, ಮುದ್ದಯ್ಯ? ನಾನು. ಚಲುವರಾಜುವಿನ ಕೈ ಕಟ್ಟು ಬಿಚ್ಚು. ಹೂಂ, ಈಗ್ಲೇ. ಅತ್ತರೆ ಅಳ್ಲಿ. ಬಿಚ್ಚಿ ಗಾಯದ ಆಕಾರ ಹೆಂಗಿದೆ ನೋಡಿ ಹೇಳು. ನಾನು ಲೈನಲ್ಲೇ ಇರ್ತೀನಿ."

ಸಿದ್ದಲಿಂಗಮ್ಮ ಒಲೆಯ ಉರಿ ಹಿಂದಕ್ಕೆಳೆದು ನೀರೆರಚಿದಳು. ಥರ್ಮಾಮೀಟರನ್ನು ಸೆರಗಿನಿಂದ ಒರೆಸಿ ಬ್ಯಾರನ್ನಿನ ಮೊಳೆಗೆ ತೂಗುಹಾಕಿ ಬಂದಳು. ಆಮೇಲೆ ಹಸಿ ಎಲೆಯ ರಾಶಿಯ ಮುಂದೆ ಕೂತು ಕಡ್ಡಿಯೊಂದನ್ನು ತೊಡೆಯ ಮೇಲೆ ಎಳೆದುಕೊಂಡಳು. ಗಂಡ ಠಾಣೆಯಲ್ಲಿದ್ದರೂ ಮುರಿದು ತಂದ ಸೊಪ್ಪು ಕಾಯುವುದಿಲ್ಲ. ಇವತ್ತೇ ಕಟ್ಟಬೇಕು, ಇವತ್ತೇ ಬ್ಯಾರನ್ನಿಗೆ ಏರಿಸಬೇಕು.

ಸುಧಾ ಅವಳನ್ನೇ ನೋಡುತ್ತಾ ಕೂತಳು. ಈ ಹೆಂಗಸಿಗೆ ಹೇಗೆ ಹೇಳುವುದು? ನೀನು ಬಿಡಿಸಲು ಆಡಿದ ಮಾತೇ ಅವನನ್ನು ಕಟ್ಟಿಹಾಕಿತು ಎಂದು ಯಾವ ಬಾಯಿಂದ ಹೇಳುವುದು?

"ಏನು?" ದಿಬ್ಬದ ಮೇಲಿಂದ ನೀಲಕಂಠಸ್ವಾಮಿಯವರ ಧ್ವನಿ ಜೋರಾಯಿತು. "ಸರಿಯಾಗಿ ನೋಡಯ್ಯ. ಅರಿಶಿನ ಪೂರ್ತಿ ಒರೆಸಿ ನೋಡು... ಇನ್ನೊಂದು ಕೈ?... ಇನ್ನೊಂದು ಸಲ ಹೇಳು."

ಅವರು ಫೋನ್ ಇಳಿಸಿದರು. ಕೆಳಗಿಳಿದು ಬರುವಾಗ ಅವರ ಹೆಜ್ಜೆ ವಯಸ್ಸಾದವರದ್ದಾಗಿತ್ತು.

"ದುಂಡಗಿದೆಯಾ ಸಾರ್?"

"ಏನೂ ಇಲ್ಲ ಮೇಡಂ."

"ಅಂದರೆ?"

"ಗಾಯವೇ ಇಲ್ಲ. ಒಂದು ಗುಳ್ಳೆಯೂ ಎದ್ದಿಲ್ಲ. ಒರೆಸಿದ್ರೆ ಎಳೇಮಗುವಿನ ಅಂಗೈ ಥರ ಇದೆಯಂತೆ. ಕಟ್ಟು ಬಿಚ್ಚಿದ ಕೂಡ್ಲೇ ಮುದ್ದಯ್ಯನ ಕಾಲಿಗೆ ಬಿದ್ದು, ನಾನೇ ಕೊಂದೆ, ನಾನೇ ತೆಗೆದೆ, ಬರ್ಕೊಳಿ ಅಂತ ಗೋಳಾಡ್ತಿದ್ದಾನಂತೆ." ಅವರು ಸೋತ ಕಣ್ಣಿನಿಂದ ಗಾಡಿಯನ್ನು ನೋಡಿದರು. "ಸುಡದ ಕೈಗೆ ಅರಿಶಿನ ಕಟ್ಟಿಕೊಂಡು ಯಾಕೆ ಕೂತಿದ್ದ? ಯಾರನ್ನ ಕಾಪಾಡೋಕೆ..."

ಮಾತು ಮುಗಿಯಲಿಲ್ಲ. ಅವರು ಸುಧಾಳ ನೋಟದ ಜಾಡು ಹಿಡಿದು ತಿರುಗಿದರು.

ಎಲೆಯ ರಾಶಿಯ ಮುಂದೆ ಸಿದ್ದಲಿಂಗಮ್ಮ ಎಡಗೈಯಿಂದ ಗೊಂಚಲು ಎತ್ತಿದಳು. ಎಡಗೈಯಿಂದಲೇ ದಾರ ಸುತ್ತಿದಳು. ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆದಳು. ಕುಣಿಕೆ ಎಡಕ್ಕೆ ವಾಲಿತು. ಸಡಿಲವಾಗಿ, ಹೊಸದಾಗಿ ಕಲಿತವರು ಕಟ್ಟಿದ ಹಾಗೆ.

ಜಿಡ್ಡಿಗೆ ಹೆದರಿ ಸುತ್ತಿಕೊಂಡ ಬಟ್ಟೆಯಾದರೆ ಎರಡು ಕೈಗೂ ಇರಬೇಕಿತ್ತು. ಬಲಗೈಯ ಬಟ್ಟೆ ಮಾತ್ರ ಅವಳ ಮಡಿಲಲ್ಲಿ ಅಲುಗದೆ ಮಲಗಿತ್ತು. ಅದರ ಅಂಚಿಗೆ ಇಳಿದು ಒಣಗಿದ್ದುದು ಸೊಪ್ಪಿನ ಕಪ್ಪಲ್ಲ.

ಅರಿಶಿನ.

ಅವಳು ತಲೆಯೆತ್ತಿದಳು. ಇಬ್ಬರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು, ಫೋನಿನಲ್ಲಿ ಒಳ್ಳೆಯ ಸುದ್ದಿಯೇ ಬಂದಿರಬೇಕೆಂಬಂತೆ ನಕ್ಕಳು.

"ಇವಾಗಾದ್ರೂ ಅವ್ರನ್ನ ಬುಟ್ಬುಡ್ತಾರೆ ಅಲ್ವಾ ಅಕ್ಕೋರೆ?"